ನಾಲ್ಕು ಹಸಿರು ದೀಪ

ಗಾಳಿಯಣ್ಣನ ಟ್ಯಾಕ್ಸಿ ಹತ್ತಿದವರಿಗೆ ಮೊದಲು ಕಾಣುತ್ತಿದ್ದದ್ದು ಗಾಳಿಯಣ್ಣ ಅಲ್ಲ, ಅವನ ತಾಯಿ. ಮುಂದಿನ ಸೀಟಿನಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಬೆನ್ನು ಸೀಟಿಗೆ ತಾಗಿಸದೆ ನೆಟ್ಟಗೆ ಕೂತಿರುತ್ತಿದ್ದರು. ಬಾಡಿಗೆಗೆ ಬಂದವರಿಗೆ ಹಿಂದಿನ ಸೀಟು.

"ಎಲ್ಲಿಗಪ್ಪ?" ಎಂದು ಅವರೇ ಕೇಳುತ್ತಿದ್ದರು.

"ಆಸ್ಪತ್ರೆಗೆ ಅಜ್ಜಿ."

"ಯಾರಿಗೆ ಹುಷಾರಿಲ್ಲ?"

ಇಳಿಯುವ ಹೊತ್ತಿಗೆ ಆ ಮನೆಯ ಕಾಯಿಲೆ ಕಸಾಲೆ, ಮದುವೆ ಮುಂಜಿ, ಸೊಸೆಯ ಸಿಟ್ಟು ಎಲ್ಲವೂ ಹೊರಗೆ ಬಂದಿರುತ್ತಿತ್ತು. ಇಳಿದು ಬಾಗಿಲು ಹಾಕುವಾಗ ಅವರು ಮತ್ತೆ, "ಎಲ್ಲಿಗಪ್ಪ?" ಎನ್ನುತ್ತಿದ್ದರು. ಹೆಚ್ಚಿನವರು ನಕ್ಕು ಹೋಗುತ್ತಿದ್ದರು. ಒಬ್ಬ ಮಾತ್ರ ಮುಖ ಗಂಟಿಕ್ಕಿಕೊಂಡು ಕೇಳಿದ್ದ. "ಇದೇನ್ರೀ ಇದು? ದುಡ್ಡು ಕೊಡೋನು ಹಿಂದೆ, ಬಿಟ್ಟಿ ಬರೋರು ಮುಂದೆ?"

"ಅವರು ಓನರು ಸಾರ್," ಎಂದ ಗಾಳಿಯಣ್ಣ. "ನಾನು ಬರೀ ಡ್ರೈವರು."

ಅಮ್ಮ ಹಿಂದೆ ತಿರುಗಿ ಆ ಗಿರಾಕಿಗೆ ಗಂಭೀರವಾಗಿ ತಲೆಯಾಡಿಸಿದ್ದರು.

ಗಾಳಿಯಣ್ಣ ನನ್ನ ಗೆಳೆಯ. ಅವನು ತೀರಿಹೋದ ಚಳಿಗಾಲ ಕಳೆದಿದೆ. ಅವನ ಬಗ್ಗೆ ದೊಡ್ಡದಾಗಿ ಬರೆಯುವಂಥದ್ದು ಏನೂ ಇಲ್ಲ ಎಂದು ಅವನೇ ಹೇಳುತ್ತಿದ್ದ. ಇರಬಹುದು. ಆದರೆ ಅವನ ಕಾರಿನ ಗ್ಯಾಸ್ ಮೀಟರಿನ ವಿಷಯ ಬರೆಯದೆ ಇರಲು ನನಗೆ ಆಗುತ್ತಿಲ್ಲ.

ಗಾಳಿಯಣ್ಣ ಎನ್ನುವುದು ಟ್ಯಾಕ್ಸಿ ಸ್ಟ್ಯಾಂಡಿನವರು ಇಟ್ಟ ಹೆಸರು. ಅದು ಬರುವ ಮೊದಲು ಅವನು ರೇಡಿಯೋ ರಿಪೇರಿಯವನು. ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವನ ಅಂಗಡಿ. ಒಳಗೆ ಹೋಗಬೇಕಾದರೆ ತಲೆ ತಗ್ಗಿಸಬೇಕು, ಹೋದಮೇಲೆ ತಗ್ಗಿಸಿಕೊಂಡೇ ಇರಬೇಕು. ನಾನು ಗ್ರಂಥಾಲಯದ ಕೆಲಸ ಮುಗಿಸಿ ಅಲ್ಲಿಗೆ ಹೋಗಿ, ಒಂದು ಸತ್ತ ಟಿವಿಯ ಮೇಲೆ ಕೂತು ಟೀ ಕುಡಿಯುತ್ತಿದ್ದೆ. ಬೆಸುಗೆಯ ಹೊಗೆಯ ವಾಸನೆ ನನ್ನ ಅಂಗಿಗೂ ಹತ್ತುತ್ತಿತ್ತು. ವೈರುಗಳನ್ನು ಸೇರಿಸಿ ಕಟ್ಟಲು ಅವನು ಟೇಪು ಬಳಸುತ್ತಿರಲಿಲ್ಲ. ಮೇಣ ಸವರಿದ ದಾರದಿಂದ, ಬೆರಳಗಲಕ್ಕೆ ಒಂದರಂತೆ ಗಂಟು ಹಾಕುತ್ತಾ ಹೋಗುತ್ತಿದ್ದ. ಜಡೆ ಹೆಣೆದಂತೆ ಕಾಣುತ್ತಿತ್ತು.

"ಯಾರು ನೋಡ್ತಾರೋ ಇದನ್ನ? ಮುಚ್ಚಳ ಹಾಕಿದ ಮೇಲೆ ಮುಗೀತಲ್ಲ," ಎಂದರೆ, "ಟೇಪು ಶೆಖೆಗೆ ಅಂಟು ಬಿಡುತ್ತೆ ಕಣೋ. ದಾರ ಬಿಡಲ್ಲ," ಎನ್ನುತ್ತಿದ್ದ. ಅಷ್ಟೇ ಅವನ ಉತ್ತರ.

ರೇಡಿಯೋ ತರುವವರು ಕಡಿಮೆಯಾದರು, ಆಮೇಲೆ ನಿಂತೇಹೋದರು. ಅವನು ಅಂಗಡಿ ಮುಚ್ಚಿ, ಒಂದು ಹಳೆಯ ಕಾರು ಕೊಂಡು ಟ್ಯಾಕ್ಸಿ ಓಡಿಸಲು ಶುರುಮಾಡಿದ. ಪೆಟ್ರೋಲಿನಲ್ಲೂ ಓಡುವ, ಗ್ಯಾಸಿನಲ್ಲೂ ಓಡುವ ಕಾರು ಅದು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ವಡೆಯಾಕಾರದ ಗ್ಯಾಸ್ ಟ್ಯಾಂಕು. ಬೆಳಿಗ್ಗೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಡ್ಯಾಶ್‌ಬೋರ್ಡಿನ ನಡುವೆ ಇರುವ ಸ್ವಿಚ್ಚನ್ನು ಗ್ಯಾಸಿಗೆ ಒತ್ತಬೇಕು. ಆ ಸ್ವಿಚ್ಚಿನ ಪಕ್ಕದಲ್ಲೇ ಸಾಲಾಗಿ ಪುಟ್ಟ ದೀಪಗಳು. ಟ್ಯಾಂಕು ತುಂಬಿದ್ದರೆ ನಾಲ್ಕು ಹಸಿರು. ಗ್ಯಾಸ್ ಇಳಿದಂತೆ ಒಂದೊಂದೇ ಆರಿ, ಕೊನೆಗೆ ಕೆಂಪು ಹತ್ತುತ್ತದೆ. ಆಗ ಸ್ವಿಚ್ಚನ್ನು ಮತ್ತೆ ಪೆಟ್ರೋಲಿಗೆ ತಿರುಗಿಸಿದರೆ ಕಾರು ಸುಮ್ಮನೆ ಓಡುತ್ತಿರುತ್ತದೆ. ಹೆದರುವಂಥದ್ದು ಏನೂ ಇಲ್ಲ.

ಅಮ್ಮನಿಗೆ ಮರೆವು ಶುರುವಾಗಿದ್ದು ಆ ದಿನಗಳಲ್ಲೇ. ಒಲೆ ಹಚ್ಚಿ ಮರೆತರು, ನಲ್ಲಿ ತಿರುಗಿಸಿ ಮರೆತರು, ಒಂದು ಮಧ್ಯಾಹ್ನ ತಮ್ಮ ಮನೆಯ ಬಾಗಿಲ ಮುಂದೆ ನಿಂತು ಇದು ಯಾರ ಮನೆ ಎಂದು ಪಕ್ಕದವರನ್ನು ಕೇಳಿದರು. ಸೊಸೆ, ಗೆಳೆಯನ ಹೆಂಡತಿ, ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಹಗಲು ಮನೆಯಲ್ಲಿ ಯಾರೂ ಇಲ್ಲ. "ಅಮ್ಮ, ಬಾ ಕಾರಲ್ಲಿ ಕೂತ್ಕೋ, ಊರು ನೋಡೋಣ," ಎಂದು ಮಗ ಕರೆದುಕೊಂಡು ಹೊರಟ. ಅಂದಿನಿಂದ ಅವರು ಮುಂದಿನ ಸೀಟು ಬಿಡಲೇ ಇಲ್ಲ.

ಸುಮ್ಮನೆ ಕೂರುವ ಜೀವ ಅಲ್ಲ ಅದು. ದೀಪಗಳನ್ನು ನೋಡಿಕೊಳ್ಳುವ ಕೆಲಸ ತಾವೇ ವಹಿಸಿಕೊಂಡರು. "ನಾಲ್ಕು ಇದೆ," "ಒಂದು ಹೋಯ್ತು ನೋಡು," ಎಂದು ವರದಿ ಕೊಡುತ್ತಿದ್ದರು. ಮೊದಮೊದಲು ಅದು ತಮಾಷೆಯಾಗಿತ್ತು. ಆಮೇಲೆ ಭಯವಾಗಿ ತಿರುಗಿತು. ಒಂದು ದೀಪ ಆರಿದರೆ ಕೈಚೀಲ ಬಿಗಿಯಾಗಿ ಹಿಡಿಯುತ್ತಿದ್ದರು. ಎರಡು ಆರಿದರೆ ಮಾತು ನಿಲ್ಲುತ್ತಿತ್ತು. ಯಾಕೆ ಅಷ್ಟು ಹೆದರಿಕೆ ಎಂದು ನಮಗೆ ಯಾರಿಗೂ ತಿಳಿಯಲಿಲ್ಲ. ಎಲ್ಲ ಮರೆತುಹೋಗುತ್ತಿದ್ದವರಿಗೆ ಖಾಲಿಯಾಗುವ ಭಯವೊಂದು ಮಾತ್ರ ಉಳಿದುಕೊಂಡಿತ್ತು.

ಒಂದು ಬೆಳಿಗ್ಗೆ ನಾನು ಹಿಂದಿನ ಸೀಟಿನಲ್ಲಿದ್ದೆ. ಕೆಂಪು ದೀಪ ಹತ್ತಿತು.

"ನಿಲ್ಲಿಸೋ!" ಎಂದರು ಅಮ್ಮ. "ಮುಗೀತು! ಎಲ್ಲಾ ಮುಗೀತು! ಈ ಹುಡುಗನ್ನ ಇಳಿಸು, ನಡ್ಕೊಂಡಾದ್ರೂ ಹೋಗ್ಲಿ ಪಾಪ."

ಹುಡುಗ ಎಂದರೆ ನಾನು. ತಲೆಯ ಅರ್ಧ ಕೂದಲು ಉದುರಿತ್ತು.

"ಅಮ್ಮ, ಪೆಟ್ರೋಲ್ ಇದೆಯಲ್ಲಮ್ಮ, ನೋಡಿಲ್ಲಿ..." ಎಂದು ಅವನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಅವರು ಓಡುವ ಕಾರಿನ ಬಾಗಿಲು ತೆಗೆದಿದ್ದರು. ಒಂದು ಕಾಲು ಹೊರಗೆ ಹೋಗಿಯೇಬಿಟ್ಟಿತ್ತು. ಅವನು ಒಂದು ಕೈಯಲ್ಲಿ ಅವರ ಮಣಿಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಹಿಂದಿನಿಂದ ಬಂದ ಲಾರಿಯವನು ಬೈದುಕೊಂಡು ಹೋದ. ಗೆಳೆಯ ತಾಯಿಯ ಮಣಿಕಟ್ಟನ್ನು ಬಿಡದೆ ಬಹಳ ಹೊತ್ತು ಕೂತ. ಬಿಟ್ಟಾಗ ಅಲ್ಲಿ ಅವನ ಬೆರಳಿನ ಗುರುತು ಮೂಡಿತ್ತು. ಅವರಿಗೆ ಸಮಾಧಾನವಾಗಲಿ ಎಂದು ನಾನು ಇಳಿದು ಗ್ರಂಥಾಲಯಕ್ಕೆ ನಡೆದೇ ಹೋದೆ.

ಆಮೇಲೆ ಸಿಕ್ಕಾಗ, "ಅಮ್ಮ ಹೇಗಿದ್ದಾರೆ? ಮತ್ತೆ ಹೆದರಿದ್ರಾ?" ಎಂದೆ.

"ಇಲ್ಲ. ಸರಿ ಮಾಡಿದ್ದೀನಿ," ಎಂದ.

ಕೆಂಪು ಹತ್ತುವ ಮೊದಲೇ ಗ್ಯಾಸ್ ತುಂಬಿಸುತ್ತಾನೆ ಎಂದುಕೊಂಡೆ. ಅಂದಿನಿಂದ ಯಾವಾಗ ಹತ್ತಿದರೂ ನಾಲ್ಕು ಹಸಿರು ಉರಿಯುತ್ತಿತ್ತು, ಅಮ್ಮ ರಾಣಿಯ ಹಾಗೆ ಕೂತಿರುತ್ತಿದ್ದರು. ಅವನಿಗೆ ಹೊಸದೊಂದು ಚಟ ಅಂಟಿಕೊಂಡದ್ದೂ ಆಗಲೇ. ಮಾತುಮಾತಿಗೆ, "ಟೈರಿಗೆ ಸ್ವಲ್ಪ ಗಾಳಿ ಹೊಡೆಸ್ಕೊಂಡು ಬರ್ತೀನಿ," ಎಂದು ಹೊರಡುತ್ತಿದ್ದ. "ಇವನ ಟೈರೇನು ಜರಡಿನಾ?" ಎಂದು ಸ್ಟ್ಯಾಂಡಿನವರು ರೇಗಿಸಿ ರೇಗಿಸಿ ಕೊನೆಗೆ ಗಾಳಿಯಣ್ಣ ಎಂದೇ ಕರೆದರು. ಅವನು ನಗುತ್ತಾ ಹೊರಟುಬಿಡುತ್ತಿದ್ದ.

ಚಳಿಗಾಲದ ಒಂದು ಬೆಳಿಗ್ಗೆ ಕಾರು ಒರೆಸುತ್ತಿದ್ದವನು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಮೆಟ್ಟಿಲ ಮೇಲೆ ಕೂತ. ಮತ್ತೆ ಏಳಲಿಲ್ಲ. ಯಾರಿಗೂ ಏನನ್ನೂ ಹೇಳುವುದಕ್ಕೆ ಅವನಿಗೆ ಸಮಯ ಸಿಗಲಿಲ್ಲ.

ಅಮ್ಮನಿಗೆ ಕೆಲವು ದಿನ ಅದು ನೆನಪಿರುತ್ತದೆ. ಆ ದಿನ ಅವರು ಊಟ ಮಾಡುವುದಿಲ್ಲ. ಕೆಲವು ದಿನ ಬಾಗಿಲ ಕಡೆ ನೋಡುತ್ತಾ, "ಇನ್ನೂ ಗಾಳಿ ಹೊಡೆಸ್ತಾನೇ ಇದ್ದಾನಾ ಇವನು?" ಎನ್ನುತ್ತಾರೆ.

ಗೆಳೆಯನ ಅಣ್ಣ ಬೇರೆ ಊರಿನಲ್ಲಿ ಚಿಕ್ಕ ಮನೆಯಲ್ಲಿ ದೊಡ್ಡ ಸಂಸಾರ ಇಟ್ಟುಕೊಂಡಿರುವವನು. ಕೆಟ್ಟವನಲ್ಲ. ಕಾರು ಮಾರಿ, ಅಮ್ಮನನ್ನು ಒಂದು ವೃದ್ಧಾಶ್ರಮಕ್ಕೆ ಸೇರಿಸೋಣ ಎಂದ. ಗೆಳೆಯನ ಹೆಂಡತಿ ತಲೆ ಎತ್ತದೆ ಹೇಳಿದಳು.

"ಕಾರು ನಾನು ಓಡಿಸ್ತೀನಿ ಭಾವ. ಕಾರ್ಖಾನೆ ಬಿಡ್ತೀನಿ. ಅತ್ತೆ ಮುಂದೆ ಕೂತ್ಕೊಳ್ತಾರೆ, ಇಷ್ಟು ದಿನ ಕೂತ ಹಾಗೆ."

"ನಿಂಗೆ ಟ್ಯಾಕ್ಸಿ ಓಡಿಸೋಕೆ ಬರುತ್ತೇನಮ್ಮ?"

"ಅವರು ಕಲಿಸಿದ್ದಾರೆ."

ಕಲಿಸಿದ್ದು ನಿಜ. ರಜೆಯ ದಿನಗಳಲ್ಲಿ ಖಾಲಿ ರಸ್ತೆಯಲ್ಲಿ ಕಲಿಸಿದ್ದ, ಪೂರ್ತಿ ಪೆಟ್ರೋಲಿನಲ್ಲೇ. ಗ್ಯಾಸಿನ ವಿಷಯ ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದನೇನೋ. ಭಾವ ಬಹಳ ಹೊತ್ತು ಯೋಚಿಸಿ, "ಸರಿ, ನೋಡೋಣ. ಆದ್ರೆ ಅಮ್ಮನ್ನ ಕೂರಿಸ್ಕೊಂಡು ನಡುರಸ್ತೇಲಿ ನಿಂತಿದ್ದು ನನ್ ಕಿವಿಗೆ ಬಿದ್ರೆ ಅಲ್ಲಿಗೆ ಮುಗೀತು," ಎಂದ.

ಗ್ಯಾಸಿಗೆ ಬದಲಿಸುವುದನ್ನು ಸ್ಟ್ಯಾಂಡಿನವರು ಅವಳಿಗೆ ತೋರಿಸಿಕೊಟ್ಟರು. ಕೆಲವು ದಿನ ಚೆನ್ನಾಗಿ ನಡೆಯಿತು. ಆಮೇಲೆ ಕಾರು ಮೇಲ್ಸೇತುವೆಯ ನಟ್ಟನಡುವೆ ನಿಂತಿತು. ನಾಲ್ಕೂ ಹಸಿರು ಉರಿಯುತ್ತಿತ್ತು. ಗ್ಯಾಸ್ ತುಂಬಿದೆ, ಹಾಗಾದರೆ ಕೆಟ್ಟಿರುವುದು ಬೇರೇನೋ ಎಂದು ಅವಳು ತಿಳಿದಳು. ಎಳೆದುಕೊಂಡು ಹೋದ ಗ್ಯಾರೇಜಿನವನೂ ದೀಪ ನೋಡಿ ಹಾಗೆಯೇ ತಿಳಿದ. ಪ್ಲಗ್ ಬದಲಿಸಿದ, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿದ, ಕಾರು ಗುರ್ ಎಂದಿತು. ಪ್ಲಗ್ಗಿನದೇ ತೊಂದರೆ ಎಂದು ಎಲ್ಲರೂ ನಂಬಿದರು. ಮರುದಿನ ಇಂಜಿನ್ ಬಿಸಿಯಾದ ಮೇಲೆ ಗ್ಯಾಸಿಗೆ ಸ್ವಿಚ್ ಒತ್ತಿದಳು. ಸಿಗ್ನಲ್ಲಿನಲ್ಲಿ, ಆಸ್ಪತ್ರೆಗೆ ಹೊರಟ ಗಂಡಹೆಂಡತಿಯನ್ನು ಹಿಂದೆ ಕೂರಿಸಿಕೊಂಡಿದ್ದಾಗ ಮತ್ತೆ ನಿಂತಿತು. ಹಿಂದೆ ಹಾರ್ನುಗಳ ಗಲಾಟೆ. ದೀಪ ನಾಲ್ಕೂ ಇದ್ದದ್ದರಿಂದ ಪೆಟ್ರೋಲಿಗೆ ತಿರುಗಿಸಿ ನೋಡುವುದು ಅವಳಿಗೆ ಹೊಳೆಯಲಿಲ್ಲ.

"ಹೆದರ್ಬೇಡಿ," ಎಂದು ಅಮ್ಮ ಆ ಗಂಡಹೆಂಡತಿಗೆ ಧೈರ್ಯ ಹೇಳಿದರಂತೆ. "ನಾಲ್ಕೂ ಇದೆ. ನನ್ ಮಗನ ಕಾರು ಇದು, ಕೈ ಕೊಡಲ್ಲ."

ಸುದ್ದಿ ಭಾವನ ಕಿವಿಗೆ ಹೇಗೋ ಬಿತ್ತು. ಭಾನುವಾರ ಬರುತ್ತೇನೆ ಎಂದು ಫೋನ್ ಮಾಡಿದ. ಅವಳು ನನಗೆ ಫೋನ್ ಮಾಡಿದಳು. "ಅಣ್ಣಾ, ನನ್ ಕೈಲಾಗಲ್ವೇನೋ. ಇವರು ಇದನ್ನ ಹೇಗೆ ಓಡಿಸ್ತಿದ್ರು ಅಂತಲೇ ಗೊತ್ತಾಗ್ತಿಲ್ಲ."

ನಾನು ಹೋದೆ. ಸ್ಟ್ಯಾಂಡಿನವರ ಸಹಾಯದಿಂದ ಕಾರನ್ನು ಗ್ಯಾಸ್ ಕಿಟ್ ಕೂರಿಸುವ ಮೇಸ್ತ್ರಿಯ ಶೆಡ್ಡಿಗೆ ತಳ್ಳಿಕೊಂಡು ಹೋದೆವು. ಕನ್ನಡಕವನ್ನು ದಾರ ಕಟ್ಟಿ ಕತ್ತಿಗೆ ನೇತುಹಾಕಿಕೊಂಡಿದ್ದ ದಪ್ಪನೆಯ ಮನುಷ್ಯ. ಅಮ್ಮನಿಗೆ ಒಂದು ಸ್ಟೂಲು ಹಾಕಿ ಟೀ ತರಿಸಿ, ಸ್ವಿಚ್ಚನ್ನು ಪೆಟ್ರೋಲಿಗೆ ತಿರುಗಿಸಿ ಕೀಲಿ ಹಾಕಿದ. ಕಾರು ಸ್ಟಾರ್ಟ್ ಆಯಿತು.

"ಏನೂ ಆಗಿಲ್ಲ. ಗ್ಯಾಸ್ ಖಾಲಿ," ಎಂದ.

"ನಾಲ್ಕು ದೀಪ ಇದೆಯಲ್ಲ ಮೇಸ್ತ್ರಿ?"

"ದೀಪಕ್ಕೇನಮ್ಮ? ನನ್ ಮಗಾನೂ ದಿನಾ ಕಾಲೇಜಿಗೆ ಹೋಗ್ತೀನಿ ಅಂತಾನೆ."

ಡಿಕ್ಕಿ ತೆಗೆದು, ಚಾಪೆ ಎತ್ತಿ, ಟ್ಯಾಂಕಿನ ಮೇಲಿನ ಮುಚ್ಚಳ ಬಿಚ್ಚಿದ. ಅಲ್ಲೊಂದು ಪುಟ್ಟ ಗಡಿಯಾರದಂಥ ಮೀಟರು, ಅದರೊಳಗೊಂದು ಮುಳ್ಳು. ಟ್ಯಾಂಕಿನೊಳಗೆ ಗ್ಯಾಸಿನ ಮೇಲೆ ತೇಲುವ ಬೆಂಡು ಇರುತ್ತದೆ, ಅದು ಏರಿಳಿದಂತೆ ಒಂದು ಅಯಸ್ಕಾಂತ ಹೊರಗಿನ ಮುಳ್ಳನ್ನು ತಿರುಗಿಸುತ್ತದೆ ಎಂದು ವಿವರಿಸಿದ. ಮುಳ್ಳು ತಳಕ್ಕೆ ಅಂಟಿಕೊಂಡಿತ್ತು. "ಖಾಲಿ ಟ್ಯಾಂಕು, ಖಾಲಿ ಅಂತಿದೆ. ಇದು ಸತ್ಯವಂತ." ಮುಳ್ಳಿನ ಮೇಲೆ ಕೂತು ದೀಪಗಳಿಗೆ ಸುದ್ದಿ ಕಳಿಸುವ ಸೆನ್ಸರನ್ನು ಬಿಚ್ಚಿ, ಅದರ ಹತ್ತಿರ ಬೇರೊಂದು ಅಯಸ್ಕಾಂತ ಆಡಿಸಿ, ಕರೆಂಟು ಅಳೆಯುವ ತನ್ನ ಮೀಟರು ಹಿಡಿದು ನೋಡಿದ. "ಇದೂ ಸರಿ ಇದೆ." ಆಮೇಲೆ ನನ್ನ ಕಡೆ ತಿರುಗಿ, "ಮುಂದೆ ಹೋಗಿ ದೀಪ ನೋಡಿ ಸಾರ್. ಸೆನ್ಸರ್ ಕಿತ್ತಿದ್ದೀನಿ. ಏನಾಯ್ತು?"

ನೋಡಿದೆ. "ನಾಲ್ಕೂ ಉರೀತಿದೆ."

"ನಾಲ್ಕೂ?" ಅವನೇ ಬಂದು ನೋಡಿದ. "ಕಣ್ಣು ಕಿತ್ತರೂ ಎಲ್ಲಾ ಕಾಣ್ತಿದೆ ಅಂತಿದೆಯಲ್ಲ ಇದು! ಹಂಗಾದ್ರೆ ನಡುವೆ ವೈರಲ್ಲೇ ಏನೋ ಕಿತಾಪತಿ."

ಬಾಗಿಲ ಪಟ್ಟಿ ಬಿಚ್ಚಿ, ನೆಲಹಾಸು ಎತ್ತುತ್ತಾ ಹಿಂದಿನಿಂದ ಮುಂದಕ್ಕೆ ಬಂದ. ಮುಂದಿನ ಸೀಟಿನ ಕೆಳಗೆ, ಅಮ್ಮ ಕಾಲಿಡುವ ಜಾಗದಲ್ಲಿ, ಸೆನ್ಸರಿನಿಂದ ಬಂದ ವೈರು ನಿಂತುಹೋಗಿತ್ತು. ಇಲಿ ಕಡಿದದ್ದಲ್ಲ, ಸವೆದದ್ದಲ್ಲ. ಯಾರೋ ಕತ್ತರಿಸಿ, ತುದಿಯನ್ನು ಹಿಂದಕ್ಕೆ ಮಡಚಿ ಭದ್ರ ಮಾಡಿದ್ದರು. ಮೇಸ್ತ್ರಿ ಡ್ಯಾಶ್‌ಬೋರ್ಡಿನಿಂದ ಸ್ವಿಚ್ಚನ್ನು ಎಳೆದು ತೆಗೆದ. ಅದರ ಬೆನ್ನಿಗೆ ಅಕ್ಕಿಕಾಳಿನಷ್ಟು ದೊಡ್ಡ, ಬಣ್ಣದ ಪಟ್ಟಿಗಳಿದ್ದ ಒಂದು ರೆಸಿಸ್ಟರನ್ನು ಬೆಸೆದಿದ್ದರು. ಹಳೇ ರೇಡಿಯೋಗಳಲ್ಲಿ ಇರುವಂಥದ್ದು.

"ಇದು ಕೆಟ್ಟಿರೋದಲ್ಲ ಸಾರ್, ಕೆಡಿಸಿರೋದು," ಎಂದ ಮೇಸ್ತ್ರಿ ಸಿಟ್ಟಿನಿಂದ. "ಟ್ಯಾಂಕಲ್ಲಿ ಏನಿದ್ರೂ ಯಾವಾಗ್ಲೂ ನಾಲ್ಕೇ ತೋರಿಸ್ಲಿ ಅಂತ ಬೇಕಂತಲೇ ಮಾಡಿದ್ದಾನೆ ಪುಣ್ಯಾತ್ಮ. ನಾನು ಕೂರಿಸಿದ ಕಿಟ್ಟಿಗೆ ಯಾವನ್ರೀ ಕೈ ಹಾಕಿದ್ದು? ಆದ್ರೂ... ಕೆಲಸ ನೋಡಿ, ಎಷ್ಟು ನೀಟಾಗಿದೆ."

ನಾನು ನೋಡುತ್ತಿದ್ದೆ. ವೈರಿನ ಸುತ್ತ ಮೇಣದ ದಾರ. ಬೆರಳಗಲಕ್ಕೆ ಒಂದು ಗಂಟು.

ಅವನ ಕೈಯನ್ನೇ ನೋಡಿದ ಹಾಗಾಯಿತು. ಆಮೇಲೆ ಅವಳಿಗೆ ಆ ಬೆಳಗಿನ ವಿಷಯ ಹೇಳಿದೆ. ಕೆಂಪು ದೀಪ, ತೆರೆದ ಬಾಗಿಲು, ಹೊರಗೆ ಹೋಗಿದ್ದ ಕಾಲು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಅವಳು ಸ್ಟೂಲಿನ ಮೇಲಿದ್ದ ಅತ್ತೆಯನ್ನು ನೋಡಿದಳು. ಅವರು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ರಸ್ತೆಯಲ್ಲಿ ಹೋಗುವವರಿಗೆ "ಎಲ್ಲಿಗಪ್ಪ?" ಎನ್ನುತ್ತಿದ್ದರು.

"ಇವರು ದಿನಾ ಬೆಳಿಗ್ಗೆ ಡಿಕ್ಕಿ ತೆಗೆದು ಬಗ್ಗಿ ನೋಡೋರು," ಎಂದಳು ಮೆಲ್ಲಗೆ. "ಏನ್ರೀ ಹುಡುಕ್ತೀರ ಅಂದ್ರೆ, ಸ್ಟೆಪ್ನಿ ಸರಿ ಇದೆಯಾ ನೋಡ್ತಿದ್ದೀನಿ ಅನ್ನೋರು."

"ಸ್ಟೆಪ್ನಿ ಎಲ್ಲಿದೆಯಮ್ಮ ಈ ಕಾರಲ್ಲಿ?" ಎಂದ ಮೇಸ್ತ್ರಿ. "ಆ ಗುಂಡೀಲಿ ಟ್ಯಾಂಕ್ ಕೂತು ಎಷ್ಟೋ ವರ್ಷ ಆಯ್ತು."

ಅವಳಿಗೆ ನಗು ಬಂತು. ಗಂಡ ಹೋದಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಮೇಸ್ತ್ರಿಯ ಸಿಟ್ಟು ಇಳಿದಿತ್ತು. "ಆಯ್ತು ಬಿಡಿ. ಇದನ್ನ ಕಿತ್ತು ಮೊದಲಿನ ಹಾಗೆ ಜೋಡಿಸಿಬಿಡ್ತೀನಿ, ಎರಡು ನಿಮಿಷದ ಕೆಲಸ."

"ಬೇಡ," ಎಂದಳು ಅವಳು.

"ಬೇಡ್ವಾ? ಮತ್ತೆ ನಾಳೆ ರಸ್ತೇಲಿ ನಿಂತ್ರೆ?"

"ಆ ದೀಪ ಹಾಗೇ ಇರ್ಲಿ. ನಂಗೆ ಬೇರೆ ಒಂದು ಹಾಕ್ಕೊಡಿ. ಅತ್ತೆಗೆ ಕಾಣದ ಕಡೆ."

"ಒಂದು ಟ್ಯಾಂಕಿಗೆ ಎರಡು ಮೀಟರಾ? ಒಂದು ನಿಜದ್ದು, ಒಂದು ಸುಳ್ಳಿನದು?"

"ಒಂದು ನಂದು, ಒಂದು ಅತ್ತೇದು."

ಮೇಸ್ತ್ರಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಆಮೇಲೆ ಗುಜರಿ ಡಬ್ಬದಲ್ಲಿ ಕೈಯಾಡಿಸಿ, ಹಳೆಯ ಕಾರೊಂದರಿಂದ ಬಿಚ್ಚಿಟ್ಟಿದ್ದ ದೀಪದ ಸಾಲನ್ನು ಹುಡುಕಿ ತೆಗೆದ. ಸ್ಟಿಯರಿಂಗಿನ ಕೆಳಗೆ, ಡ್ರೈವರ್ ಕಡೆಯ ಬಾಗಿಲಿನ ಮಗ್ಗುಲಿಗೆ, ಮೊಣಕಾಲಿನ ಹತ್ತಿರ ಅದನ್ನು ಕೂರಿಸಿದ. ಮುಂದಿನ ಸೀಟಿನಲ್ಲಿ ಕೂತು, ಕತ್ತು ಉದ್ದ ಮಾಡಿ, ಕಾಣುವುದಿಲ್ಲ ಎಂದು ತಾನೇ ಖಚಿತ ಮಾಡಿಕೊಂಡ. ಅಮ್ಮನ ಕಾಲಿನ ಕೆಳಗೆ ನಿಂತಿದ್ದ ವೈರನ್ನು ಅಲ್ಲಿಗೆ ಎಳೆದು ಬೆಸೆದ. ಟೇಪಿಗೆ ಕೈ ಹಾಕಿದಾಗ ಅವಳು, "ತಾಳಿ ಮೇಸ್ತ್ರಿ," ಎಂದಳು.

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಅವನ ಮೇಣದ ದಾರದ ಉಂಡೆ ಇತ್ತು. ಅವಳು ಅವನ ಗಂಟೊಂದನ್ನು ಬೆರಳಿನಿಂದ ಮುಟ್ಟಿ, ದಾರ ಎಲ್ಲಿಂದ ಹೋಗಿ ಎಲ್ಲಿ ತಿರುಗಿದೆ ಎಂದು ನೋಡಿದಳು. ಹೊಲಿಗೆಯ ಕೈ, ಒಂದು ಸಲಕ್ಕೇ ಸಿಕ್ಕಿತು. ಕಾರಿನ ನೆಲದ ಮೇಲೆ ಮಂಡಿಯೂರಿ ಬೆರಳಗಲಕ್ಕೆ ಒಂದರಂತೆ ಗಂಟು ಹಾಕುತ್ತಾ ಹೋದಳು. ಅವನ ಗಂಟು ಎಲ್ಲಿ ಮುಗಿದು ಅವಳದು ಎಲ್ಲಿ ಶುರುವಾಯಿತು ಎಂದು ಈಗ ನನಗೂ ಹೇಳಲಾಗುವುದಿಲ್ಲ.

ಭಾನುವಾರ ಭಾವ ಬಂದ. ಕಾರು ಕೊಳ್ಳುವವನೊಬ್ಬನ ಜೊತೆ ಮಾತಾಡಿಯೂ ಬಂದಿದ್ದ.

"ಮೊದಲು ಒಂದು ಸುತ್ತು ಹೋಗಿ ಬರೋಣ ಭಾವ. ಹತ್ತಿ," ಎಂದಳು. ಅವನು ಮುಂದಿನ ಬಾಗಿಲಿಗೆ ಕೈ ಹಾಕಿದ. ಅಮ್ಮ ಆಗಲೇ ಒಳಗೆ ಕೂತಿದ್ದರು.

"ಅಮ್ಮ, ನೀನು ಹಿಂದೆ ಆರಾಮಾಗಿ ಕೂತ್ಕೋ ಬಾ."

"ನಾನು ಹಿಂದೆ ಕೂತ್ರೆ ದೀಪ ಯಾರು ನೋಡ್ತಾರೆ? ನಿಮ್ಮಪ್ಪ ನೋಡ್ತಾರಾ?"

ಅವನು ನನ್ನ ಪಕ್ಕದಲ್ಲಿ ಹಿಂದೆಯೇ ಕೂತ. ಊರಿನೊಳಗೆ ಹೊರಟೆವು. ಪೆಟ್ರೋಲಿನಿಂದ ಗ್ಯಾಸಿಗೆ ಬದಲಿಸಿದಾಗ ಕಾರು ಒಂದು ಸಣ್ಣ ಉಸಿರು ಎಳೆದುಕೊಂಡಂತೆ ಮಾಡಿ ಮುಂದೆ ಓಡಿತು. ದುರಸ್ತಿಯ ದಿನ ಮೇಸ್ತ್ರಿ ಪರೀಕ್ಷೆಗೆಂದು ಎದುರಿನ ಬಂಕಿನಿಂದ ತುಂಬಿಸಿ ತಂದಿದ್ದ ಸ್ವಲ್ಪ ಗ್ಯಾಸಷ್ಟೇ ಟ್ಯಾಂಕಿನಲ್ಲಿತ್ತು. ನಾನು ಕೂತ ಕಡೆಯಿಂದ ಸ್ಟಿಯರಿಂಗಿನ ಕೆಳಗಿನ ದೀಪ ಕಾಣುತ್ತಿತ್ತು. ಮೇಲ್ಸೇತುವೆ ಇಳಿಯುವಾಗ ಕೊನೆಯ ಹಸಿರು ಆರಿ ಕೆಂಪು ಹತ್ತಿತು.

"ನಾಲ್ಕೂ ಇದೆ. ನಡಿ," ಎಂದರು ಅಮ್ಮ.

"ಹೂಂ ಅತ್ತೆ," ಎಂದಳು ಅವಳು. ಕೈ ಸ್ಟಿಯರಿಂಗಿನಿಂದ ಅಲುಗಲಿಲ್ಲ. "ಹಾಗೇ ಟೈರಿಗೆ ಸ್ವಲ್ಪ ಗಾಳಿ ಹೊಡೆಸ್ಕೊಂಡು ಹೋಗೋಣ."

ಆಗ ನನಗೆ ಗೊತ್ತಾಯಿತು, ಅವನಿಗೆ ಆ ಹೆಸರು ಬಂದದ್ದು ಯಾತಕ್ಕೆ ಎಂದು. ಇಷ್ಟು ವರ್ಷ ನಾನೂ ಅವನನ್ನು ಅದೇ ಹೆಸರಿನಿಂದ ರೇಗಿಸಿದ್ದೆ.

ಅವಳು ಗ್ಯಾಸ್ ಬಂಕಿಗೆ ಕಾರು ತಿರುಗಿಸಿದಳು. ತುಂಬಿಸುವಾಗ ಎಲ್ಲರೂ ಇಳಿಯಬೇಕು. ಸಮವಸ್ತ್ರ ತೊಟ್ಟ ಒಬ್ಬ ಹೆಂಗಸು, ನಾವು ಬಾಯಿ ತೆರೆಯುವ ಮೊದಲೇ ನೆರಳಿನಲ್ಲಿ ಕುರ್ಚಿ ಹಾಕಿ, ಓಡಿಬಂದು ಅಮ್ಮನ ಕಡೆಯ ಬಾಗಿಲು ತೆಗೆದಳು.

"ಬನ್ನಿ ಅಜ್ಜಿ, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ! ಗಾಳಿ ಹೊಡೆಯೋವರೆಗೂ ಇಲ್ಲಿ ಕೂತ್ಕೊಳ್ಳಿ." ಆಮೇಲೆ ಸೊಸೆಯ ಹತ್ತಿರ ಬಂದು ದನಿ ತಗ್ಗಿಸಿ, "ಗಾಳಿ ಅಂತಲೇ ಅನ್ಬೇಕು ಅಂತ ಅಣ್ಣ ಹೇಳಿಟ್ಟಿದ್ರು ಅಕ್ಕ. ಎಷ್ಟು ಹಾಕ್ಲಿ?" ಎಂದಳು.

"ತುಂಬಿಸಿ."

ಭಾವ ಕಾರಿನ ಹಿಂಭಾಗಕ್ಕೆ ಹೋಗಿ ನಿಂತ. ಗ್ಯಾಸಿನ ದಪ್ಪ ಪೈಪನ್ನು ನೋಡಿದ, ಅದರ ಮೇಲಿನ ಬರಹ ನೋಡಿದ. "ಇದು ಗಾಳಿ ಎಲ್ಲಿ..." ಎಂದು ಬಾಯಿ ತೆರೆದ. ನಾನು ಅವನ ತೋಳು ಹಿಡಿದು, ಆಚೆ ಕರೆದುಕೊಂಡು ಹೋಗಿ, ಹೇಳಬೇಕಾದದ್ದನ್ನು ಹೇಳಿದೆ. ಹೆಚ್ಚು ಮಾತು ಬೇಕಾಗಲಿಲ್ಲ. ಓಡುವ ಕಾರಿನ ಬಾಗಿಲು ಎನ್ನುವಾಗ ಅವನು ಕಣ್ಣು ಮುಚ್ಚಿಕೊಂಡ. ತಮ್ಮ ಮಾಡಿದ್ದನ್ನೂ ಹೇಳಿ ಮುಗಿಸಿದೆ.

ಪೈಪು ಟಕ್ ಎಂದು ನಿಂತಿತು. ಅವನು ನಡೆದು ಹೋಗಿ ತಾಯಿಯ ಕುರ್ಚಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

"ಅಮ್ಮ, ಗಾಳಿ ಆಯ್ತು. ನಾಲ್ಕು ಟೈರಿಗೂ."

"ಚೆನ್ನಾಗಿ ಹೊಡ್ದಿದ್ದಾರಾ? ನೋಡಿದ್ಯಾ ನೀನು?"

"ನೋಡಿದೆ. ಕಲ್ಲಿನ ಹಾಗಿದೆ."

ಅವರ ಕೈ ಹಿಡಿದು ಎಬ್ಬಿಸಿ, ಮುಂದಿನ ಬಾಗಿಲು ತೆಗೆದು ಕೂರಿಸಿದ. ಕೈಚೀಲವನ್ನು ತೊಡೆಯ ಮೇಲಿಟ್ಟ. ಬಾಗಿಲು ಹಾಕಿ, ಸರಿಯಾಗಿ ಬಿದ್ದಿದೆಯಾ ಎಂದು ಎರಡು ಸಲ ಎಳೆದು ನೋಡಿದ. ಆಮೇಲೆ ಫೋನ್ ತೆಗೆದು ಯಾರಿಗೋ, "ಇಲ್ಲ, ಕಾರು ಕೊಡ್ತಾ ಇಲ್ಲ," ಎಂದು ಹೇಳಿ ಹಿಂದಿನ ಸೀಟಿಗೆ ಬಂದು ಕೂತ.

ಅಮ್ಮ ಹಿಂದೆ ತಿರುಗಿದರು.

"ಎಲ್ಲಿಗಪ್ಪ?"

"ಮನೆಗಮ್ಮ," ಎಂದ ಅವನು.